ಮೂರನೆಯ ಪದರ

ಟಕ್.

ನಡುರಾತ್ರಿ ಕಳೆದಿತ್ತು. ಪ್ರಭಾವತಿ ಕಣ್ಣು ತೆರೆದು ಕತ್ತಲೆಯಲ್ಲಿ ಕಿವಿಗೊಟ್ಟಳು. ಅವಳ ಸ್ವಭಾವವೇ ಹಾಗೆ. ಹಾಲು ಉಕ್ಕುವ ಮೊದಲೇ ಒಲೆಯ ಮುಂದೆ ನಿಂತಿರುವವಳು, ಬಾಗಿಲ ಅಗುಳಿಯನ್ನು ಹಾಕಿದ ಮೇಲೂ ಇನ್ನೊಮ್ಮೆ ಮುಟ್ಟಿ ನೋಡುವವಳು. ಪಡಸಾಲೆಯ ಫ್ಯಾನು ಕೆಲವು ವಾರಗಳಿಂದ ಸುತ್ತಿಗೊಮ್ಮೆ ಹೀಗೇ ಸಪ್ಪಳ ಮಾಡುತ್ತಿತ್ತು. ಆ ಸಾಲಿನಲ್ಲಿ ಒಂದು ಸಪ್ಪಳ ಮಾತ್ರ ತುಸು ಬೇರೆಯಾಗಿ ಕೇಳಿತ್ತು. ಫ್ಯಾನೇ ಇರಬೇಕು ಅಂದುಕೊಂಡಳು. ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಮುಂಬಾಗಿಲ ಅಗುಳಿ ಸರಿದಿತ್ತು. ಅವ್ವನ ಹಾಸಿಗೆ ತಣ್ಣಗಿತ್ತು.

ಅವ್ವ ಎಂದರೆ ಸಂಗವ್ವ, ಪ್ರಭಾಳ ತಾಯಿ. ಇಳಕಲ್ಲಿನ ನೇಕಾರರ ಮನೆಯವಳು. ಹುಡುಗಿಯಾಗಿದ್ದಾಗಿನಿಂದ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತಿದ ಕೈ ಅವಳದು. ಈಗ ಮರೆವಿನ ರೋಗ ಬಂದು ಎಲ್ಲರ ಹೆಸರೂ ಒಂದೊಂದಾಗಿ ಉದುರಿ ಹೋಗಿದ್ದವು. ಆದರೆ ಕೈ ಮರೆತಿರಲಿಲ್ಲ. ಎಲ್ಲಿ ಕುಳಿತರೂ ಬಲಗೈ ಗಾಳಿಯಲ್ಲಿ ರಾಟಿ ತಿರುಗಿಸುತ್ತಿತ್ತು. ಒಂದೇ ಹದ, ಒಂದೇ ಸುತ್ತು, ಗಂಟೆಗಟ್ಟಲೆ.

"ಬಾಗಲಾ ತಗದೈತ್ರಿ," ಎಂದು ಪ್ರಭಾ ಗಂಡನನ್ನು ಎಬ್ಬಿಸಿದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅವ್ವ ಇಲ್ಲ."

ಶಿವಯೋಗಿ ಹೈಸ್ಕೂಲು ಮಾಸ್ತರ. ಅಂಗಿ ಹಾಕಿಕೊಳ್ಳುತ್ತಲೇ, "ಹಿತ್ತಲಾಗ ನೋಡಿದೇನು? ಗುಡಿ ಕಡೆ? ನೀ ಆಫೀಸಿಗೆ ಹೋಗು ಮೊದ್ಲ. ನಾ ಕಾಲಿಲೆ ಎಷ್ಟ್ ಹುಡುಕಲಿ? ಅಲ್ಲಿ ಕುಂತ್ರ ಇಡೀ ಊರು ಕಾಣ್ತೈತಿ" ಎಂದ.

ಪ್ರಭಾ ಕೆಲಸ ಮಾಡುವುದು ನಗರದ ಕಣ್ಗಾವಲು ಕೇಂದ್ರದಲ್ಲಿ. ಊರಿನ ರಸ್ತೆ, ಸಂತೆ, ಕೆರೆ, ಬಸ್ ನಿಲ್ದಾಣಗಳ ಚಿತ್ರಗಳೆಲ್ಲ ಬಂದು ಬೀಳುವ ಕೋಣೆ ಅದು. ಅದಕ್ಕೆ ಮೊದಲು ಅವಳು ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡುತ್ತಿದ್ದಳು. 'ಪದರ' ಎಂಬ ಯಂತ್ರಬುದ್ಧಿಯನ್ನು ಅವಳು ಮೊದಲು ಕಂಡದ್ದು ಅಲ್ಲಿಯೇ. ಒಂದು ಫೋಟೋ ಕೊಟ್ಟರೆ ಸಾಕು, ಅದನ್ನು ಈರುಳ್ಳಿಯಂತೆ ಬಿಚ್ಚಿ ಕೊಡುತ್ತಿತ್ತು: ಮದುಮಕ್ಕಳು ಒಂದು ಪದರ, ಹೂವಿನ ಅಲಂಕಾರ ಒಂದು ಪದರ, ಹಿಂದೆ ಕುರ್ಚಿಯಲ್ಲಿ ಕುಳಿತು ಹೋಳಿಗೆ ತಿನ್ನುವ ಮಂದಿ, ಗೋಡೆ, ಮದುಮಗಳ ನೆತ್ತಿಯ ಮೇಲೇ ತಿರುಗುವ ಫ್ಯಾನು, ಇವೆಲ್ಲ ಇನ್ನೊಂದು ಪದರ. ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರುತು. ಒತ್ತಿದರೆ ಆ ಪದರ ಮಾಯ. ಖಾಲಿಯಾದ ಜಾಗವನ್ನು ಯಂತ್ರವೇ ಅಂದಾಜು ಮಾಡಿ, ಗೋಡೆಯ ಬಣ್ಣ ಎಳೆದು ತುಂಬಿಬಿಡುತ್ತಿತ್ತು. ಊಟಕ್ಕೆ ಕುಳಿತವರನ್ನೂ ಫ್ಯಾನನ್ನೂ ಅಳಿಸಿ ಕೊಡಿ ಎಂದು ಎಲ್ಲ ಮನೆಯವರೂ ಕೇಳುತ್ತಿದ್ದರು. ಊರೂರಿನ ಸ್ಟುಡಿಯೋಗಳು ಹಾಗೆ ಅಳಿಸಿದ್ದನ್ನು ನೋಡಿ ನೋಡಿ, ಯಾವುದು ಮುಖ್ಯ, ಯಾವುದು ಹಿನ್ನೆಲೆ ಎಂದು ಯಂತ್ರ ಕಲಿತಿತ್ತು.

ಆ ಭಾಗದ ಹೆಂಗಸರ ಬಾಯಲ್ಲಿ ಪದರ ಎಂದರೆ ಸೀರೆಯ ಸೆರಗು. ಮಗಳ ಕೆಲಸದ ಬಗ್ಗೆ ಕೇಳಿದಾಗ ಸಂಗವ್ವ ಬಾಯಿ ಮುಚ್ಚಿ ನಕ್ಕಿದ್ದಳು: "ನಾವು ಪದರ ನೇಯ್ದು ಮೈ ಮುಚ್ಚಿದ್ವಿ. ನೀ ಪದರ ಬಿಚ್ಚೂ ನೌಕರಿ ಹಿಡದಿ."

ಆಮೇಲೆ ಅದೇ ಯಂತ್ರ ಊರಿನ ಕ್ಯಾಮೆರಾಗಳಿಗೆ ಬಂತು. ಅಲ್ಲಿ ಮೂರೇ ಪದರ. ಓಡಾಡುವ ಜನ ಮೊದಲನೆಯದು. ವಾಹನ, ಚೀಲ, ಸಾಮಾನು ಎರಡನೆಯದು. ಕಟ್ಟಡ, ಕಂಬ, ಬೆಂಚು ಮೂರನೆಯದು. ಮೂರನೆಯ ಪದರವನ್ನು ಕ್ಷಣಕ್ಷಣಕ್ಕೂ ತೋರಿಸಿ ಏನು ಪ್ರಯೋಜನ? ಗೋಡೆ ಎಲ್ಲಿಗೆ ಓಡುತ್ತದೆ? ದಿನಕ್ಕೊಮ್ಮೆ ನಸುಕಿನಲ್ಲಿ ಯಂತ್ರ ಅದನ್ನು ಹೊಸದಾಗಿ ಬರೆದಿಡುತ್ತಿತ್ತು. ಬರೆಯುವಾಗ ಅಲ್ಲಿ ಏನಾದರೂ ಅಡ್ಡ ಇದ್ದರೆ ಹಳೆಯ ಚಿತ್ರದಿಂದ ತುಂಬಿಕೊಳ್ಳುತ್ತಿತ್ತು. ಪರದೆಯ ಮೇಲೆ ಊರು ತೊಳೆದಿಟ್ಟಂತೆ ಕಾಣುತ್ತಿತ್ತು. ನೋಡುವವರ ಕಣ್ಣಿಗೂ ಆಯಾಸವಿಲ್ಲ, ಚಿತ್ರ ಕೂಡಿಡುವ ಖರ್ಚೂ ಇಲ್ಲ. ಮೂರನೆಯ ಪದರದ ಕಣ್ಣಿಗೆ ಮಾತ್ರ ಬೀಗ. ಅದರ ಗುಟ್ಟಿನ ಸಂಖ್ಯೆ ಕಂಪನಿಯವರ ಹತ್ತಿರ.

ಕ್ರಮೇಣ ಊರಿಗೆ ಒಂದು ರೂಢಿ ಬಿತ್ತು. ಯಾರಾದರೂ ಕಳೆದುಹೋದರೆ ಹುಡುಕಲು ಯಾರೂ ಬೀದಿಗೆ ಇಳಿಯುವುದಿಲ್ಲ. ಕೇಂದ್ರಕ್ಕೆ ಬಂದು ಫೋಟೋ ಕೊಟ್ಟು ಕೂರುತ್ತಾರೆ. ಪೊಲೀಸರೂ ಅಷ್ಟೇ, ಬೀದಿಯಲ್ಲಿ ಬಿದ್ದವರನ್ನು ಎತ್ತಿ ಒಯ್ಯುವ ಗಾಡಿಯವರೂ ಅಷ್ಟೇ. ಪರದೆಯಲ್ಲಿ ಇಲ್ಲದ್ದು ಊರಲ್ಲೂ ಇಲ್ಲ.

"ಮೊದ್ಲ ಕುಂದ್ರು, ನೀರು ಕುಡಿ," ಎಂದರು ಜಂಬಗಿ ಸರ್, ಕೇಂದ್ರದ ಮೇಲ್ವಿಚಾರಕರು. "ಈ ಊರಾಗ ನಾಯಿ ಬಾಲಾ ಅಲ್ಲಾಡಿಸಿದ್ರ ನಮಗ ಗೊತ್ತಾಗ್ತೈತಿ. ನಿಮ್ಮವ್ವ ಎಲ್ಲಿ ಹೋಗ್ತಾಳವಾ?"

ಪ್ರಭಾ ಅವ್ವನ ಮುಖ ಕೊಟ್ಟಳು, ನಡಿಗೆ ಕೊಟ್ಟಳು. ಕೈ ಸುತ್ತುವ ಚಲನೆಯನ್ನೂ ಕೊಟ್ಟಳು. ಅವ್ವನ ಹಳೆಯ ಒಂದು ವಿಡಿಯೋ ಅವಳ ಫೋನಿನಲ್ಲಿತ್ತು. ಆ ಕೈ ಇಡೀ ಊರಲ್ಲಿ ಇನ್ನೊಂದಿಲ್ಲ. ಅದೊಂದೇ ಸಾಕು ಎಂದು ಅವಳಿಗೆ ಧೈರ್ಯವಿತ್ತು.

ಯಂತ್ರ ಒಂದೇ ಒಂದು ತುಣುಕು ಹುಡುಕಿಕೊಟ್ಟಿತು. ರಾತ್ರಿಯ ಮಾರ್ಕೆಟ್ ಸರ್ಕಲ್ಲು. ಬರಿಗಾಲಲ್ಲಿ, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಅವ್ವ ಲಗುಬಗೆಯಿಂದ ನಡೆಯುತ್ತಿದ್ದಳು. ಎಲ್ಲೋ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ. ಜವಳಿ ಅಂಗಡಿಗಳ ಸಂದಿಗೆ ತಿರುಗಿದಳು. ಸಂದಿಯಲ್ಲಿ ಕ್ಯಾಮೆರಾ ಇರಲಿಲ್ಲ. ಆಮೇಲೆ ಅವ್ವ ಎಲ್ಲಿಯೂ ಇರಲಿಲ್ಲ.

"ಹಳೇ ಬಸ್‌ಸ್ಟ್ಯಾಂಡ್ ನೋಡ್ರಿ ಸರ್. ಇಳಕಲ್ಲಿನ ಗಾಡಿ ಮೊದ್ಲ ಅಲ್ಲಿಂದ ಬಿಡ್ತಿತ್ತು."

ಜಂಬಗಿ ಸರ್ ತೋರಿಸಿದರು. ಬೆಂಚುಗಳ ಸಾಲು. ಒಂದಿಬ್ಬರು ನಡೆದು ಹೋದರು. ಮೂಲೆಯ ಬೆಂಚು ಒರೆಸಿಟ್ಟಂತೆ ಖಾಲಿ.

"ಇಲ್ಲವಾ ಅಲ್ಲಿ."

ಪ್ರಭಾ ಗಂಡನಿಗೆ ಫೋನು ಮಾಡಿ, "ಹಳೇ ಸ್ಟ್ಯಾಂಡಿಗೆ ಹೋಗಬ್ಯಾಡ್ರಿ, ಅಲ್ಲಿಲ್ಲ. ಇಳಕಲ್ ರೋಡ್ ಹಿಡದು ಹೋಗ್ರಿ" ಎಂದಳು.

ಸಂದರ್ಶಕರ ಬೆಂಚಿನಲ್ಲಿ ಆಗಲೇ ಒಬ್ಬ ಯುವಕ ಕುಳಿತಿದ್ದ. ಸೋಮು ಎಂದು ಹೆಸರು. ತಂಗಿ ಭಾರತಿ ಮನೆ ಬಿಟ್ಟು ಹೋಗಿದ್ದಾಳೆಂದು, ಪ್ರಭಾಳ ಅವ್ವ ಕಳೆದುಹೋಗುವ ಮೊದಲಿನಿಂದಲೂ ಅಲ್ಲೇ ಇದ್ದ. ಕಣ್ಣು ಕೆಂಪಗೆ ಬಾತುಹೋಗಿದ್ದವು. ಪ್ರಭಾಳ ಮುಂದೆ ಚಹದ ಲೋಟ ಹಿಡಿದು ನಿಂತ.

"ಕುಡೀರಿ ಅಕ್ಕಾರ. ಮನ್ಯಾಗ ಒಬ್ರು ಕಾಣದಂಗ ಆದ್ರ ಎದ್ಯಾಗ ಏನ್ ಆಗ್ತೈತಿ ನನಗ ಗೊತ್ತೈತ್ರಿ. ನಮ್ಮವ್ವ ಅನ್ನಾ ಬಿಟ್ಟಾಳ. ತಂಗೀನ ಒಮ್ಮೆ ಕಣ್ಣಿಲೆ ನೋಡಿದ್ರ ಸಾಕಾಗೇತಿ."

ಅವನ ದನಿ ಒಡೆಯಿತು. ಪ್ರಭಾ ಅವನ ತಂಗಿಯ ಫೋಟೋವನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಟ್ಟಳು, ತನ್ನ ಕೆಲಸದ ನಡುವೆಯೇ. ಇಬ್ಬರಿಗೂ ಒಂದೇ ಉತ್ತರ ಬಂತು: ಇಲ್ಲ.

ಸಂಜೆ ಮನೆಯಲ್ಲಿ ಅಕ್ಕಪಕ್ಕದವರು ಸೇರಿದ್ದರು. ಎದುರುಮನೆಯ ಕಸ್ತೂರಮ್ಮ ಒಳಗೆ ಕೇಳಿಸುವಷ್ಟೇ ಮೆಲ್ಲಗೆ, "ಊರ ಮಂದೀನೆಲ್ಲಾ ಕಾಯಾಕಿ ಅಂತ. ತಮ್ಮ ಮನಿ ಬಾಗಲಾ ಕಾಯಾಕ ಆಗಲಿಲ್ಲ ನೋಡ್" ಎಂದಳು.

ಪ್ರಭಾ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟನ್ನು ನಾದುತ್ತಲೇ ಇದ್ದಳು. ತಟ್ಟಲಿಲ್ಲ. ಶಿವಯೋಗಿ ಬಂದ. ಮೈಯೆಲ್ಲ ಧೂಳು. ಇಳಕಲ್ ದಾರಿಯ ಪ್ರತಿ ಧಾಬಾದಲ್ಲೂ ಕೇಳಿದ್ದ. ಕುರ್ಚಿಗೆ ಕುಸಿದ. ಆಮೇಲೆ ಒಮ್ಮೆಲೇ ಎದ್ದು ಫ್ಯಾನಿನ ಗುಂಡಿ ಆರಿಸಿದ.

"ತಲಿ ತಿಂತೈತಿ ಇದೊಂದು."

ಟಕ್, ಟಕ್... ಟಕ್. ನಿಂತಿತು. ಆಗ ಆವರಿಸಿದ ಮೌನದಲ್ಲಿ ಪ್ರಭಾಳಿಗೆ ಹಿಂದಿನ ರಾತ್ರಿಯ ಆ ಒಂದು ಸಪ್ಪಳ ಸ್ಪಷ್ಟವಾಗಿ ಕೇಳಿತು. ಅಗುಳಿಗೆ ಬಳೆ ತಾಗಿದ ಸಪ್ಪಳ. ಫ್ಯಾನಿಗೂ ಅದಕ್ಕೂ ಎಷ್ಟೊಂದು ವ್ಯತ್ಯಾಸ! ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಮರುದಿನವೂ ಯಂತ್ರ ಇಲ್ಲ ಎಂದೇ ಹೇಳಿತು. ಅದರ ಮರುದಿನವೂ. ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಇಲ್ಲದೆ, ಊಟವಿಲ್ಲದೆ ಎಷ್ಟು ಹೊತ್ತು ಎಂದು ಡಾಕ್ಟರರನ್ನು ಕೇಳಲು ಪ್ರಭಾಳಿಗೆ ಧೈರ್ಯ ಬರಲಿಲ್ಲ. ಜಂಬಗಿ ಸರ್ ಈಗ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು. "ಕೆರಿ ಕಡೆ ಒಮ್ಮೆ ಮಂದೀನ ಕಳಸೂಣೇನು?" ಎಂದು ಕೇಳಿ, ಅವಳ ಮುಖ ನೋಡಿ, ಬೇರೆ ಕಡೆ ತಿರುಗಿದರು.

ಆ ಮಧ್ಯಾಹ್ನ ಪ್ರಭಾ ಹುಡುಕುತ್ತಲೂ ಇರಲಿಲ್ಲ. ಕಣ್ಣು ತೆರೆದಿತ್ತು, ಅಷ್ಟೇ. ಹಳೆಯ ಬಸ್ ನಿಲ್ದಾಣದ ಪರದೆಯಲ್ಲಿ ನವಲಗುಂದದ ಗಾಡಿ ಬಂದು ನಿಂತಿತು. ಸೀಟು ಹಿಡಿಯಲು ಮಂದಿ ನುಗ್ಗಿದರು. ಮೂಲೆಯ ಬೆಂಚಿನ ಹತ್ತಿರ ಬಂದಾಗ ಆ ನುಗ್ಗು ಎರಡು ಸೀಳಾಯಿತು. ಹೊಳೆ ನಡುವಿನ ಬಂಡೆಯನ್ನು ಸುತ್ತಿ ಹರಿದಂತೆ ಮಂದಿ ಆ ಕಡೆ ಈ ಕಡೆ ಸರಿದು, ಮುಂದೆ ಹೋಗಿ ಮತ್ತೆ ಕೂಡಿದರು. ನಡುವೆ ಏನೂ ಇರಲಿಲ್ಲ. ಒಬ್ಬ ಹುಡುಗ ಎಡವಿ, ತಿರುಗಿ, ಖಾಲಿ ಬೆಂಚಿಗೆ ಕೈ ಮುಗಿದು ಹೋದ.

ಪ್ರಭಾ ಕುರ್ಚಿಯ ತುದಿಗೆ ಬಂದಳು. ಬೆಂಚನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮೇಲೆ ನೋಡಿದಳು. ಮೇಲೆ ಫ್ಯಾನು. ನಿಂತ ಫ್ಯಾನು.

"ಸರ್, ಹಳೇ ಸ್ಟ್ಯಾಂಡಿನಾಗ ಕರೆಂಟ್ ಇಲ್ಲೇನ್ರಿ?"

"ಐತಲ್ಲ. ಲೈಟ್ ಉರಿಯಾಕತ್ತಾವ ನೋಡು."

"ಫ್ಯಾನ್ ತಿರುಗವಲ್ದು."

ಜಂಬಗಿ ಸರ್ ನಕ್ಕರು. "ನಮ್ಮ ಪರದೆಯಾಗ ಫ್ಯಾನ್ ಎಂದ್ ತಿರುಗೇತವಾ? ನಿಮ್ಮ ಮದುವಿ ಆಲ್ಬಮ್ಮಿನ ಬುದ್ಧಿ ಅದು. ಕುಂತಲ್ಲೇ ಕುಂತದ್ದು ಹಿನ್ನೆಲಿ. ಇದ್ದಲ್ಲೇ ಇದ್ದು ಒಂದ ನಮೂನಿ ಅಲ್ಲಾಡೂದೂ ಹಿನ್ನೆಲಿ. ಗಿಡಾ, ಬಾವುಟ, ಫ್ಯಾನು."

ಇದ್ದಲ್ಲೇ ಇದ್ದು ಒಂದೇ ನಮೂನಿ ಅಲ್ಲಾಡುವುದು.

ಆ ಕೈಯಿಂದಲೇ ಅವ್ವ ಸಿಗುತ್ತಾಳೆಂದು ಪ್ರಭಾ ನಂಬಿದ್ದಳು. ಯಂತ್ರ ಆ ಕೈಯನ್ನು ಕಂಡಿತ್ತು. ಕಂಡು, ಫ್ಯಾನು ಅಂದುಕೊಂಡಿತ್ತು.

ಪರದೆಯಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯೊಬ್ಬಳು ಚಹದ ಲೋಟ ಹಿಡಿದು ಬಂದಳು. ಖಾಲಿ ಬೆಂಚಿನ ಮುಂದೆ ಬಗ್ಗಿ ಲೋಟವನ್ನು ಚಾಚಿದಳು. ಲೋಟ ಅವಳ ಕೈ ಬಿಟ್ಟು ಗಾಳಿಯಲ್ಲಿ ನಿಂತಿತು. ಹುಡುಗಿ ಬೆಂಚಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಸಕ್ಕರೆ ನೀರಿನಲ್ಲಿ ಕರಗುವಂತೆ ಮೊದಲು ಲೋಟ, ಆಮೇಲೆ ಹುಡುಗಿ ಕರಗಿದರು. ಬೆಂಚು ಮತ್ತೆ ಖಾಲಿ.

"ಎಲ್ಲಿ ಹೊಂಟಿ?" ಎಂದು ಜಂಬಗಿ ಸರ್ ಕೇಳುವಷ್ಟರಲ್ಲಿ ಪ್ರಭಾ ಮೆಟ್ಟಿಲು ಇಳಿಯುತ್ತಿದ್ದಳು.

ಆಟೋದಲ್ಲಿ ಬರುವಾಗ ಅವಳು ಯಾವ ದೇವರಿಗೂ ಹರಕೆ ಹೊರಲಿಲ್ಲ. ಅಷ್ಟು ಮಾತು ಜೋಡಿಸುವ ಶಕ್ತಿ ಇರಲಿಲ್ಲ. ಅವ್ವ, ಅವ್ವ ಎಂದಷ್ಟೇ ಅನ್ನುತ್ತಿದ್ದಳು.

ನಿಲ್ದಾಣದಲ್ಲಿ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಮೂಲೆಯ ಬೆಂಚಿನ ಮೇಲೆ ಅವ್ವ ಕುಳಿತಿದ್ದಳು. ತುಟಿ ಒಡೆದಿತ್ತು, ಪಾದಗಳು ಬಾತಿದ್ದವು. ಬಲಗೈ ಗಾಳಿಯಲ್ಲಿ ರಾಟಿ ತಿರುಗಿಸುತ್ತಿತ್ತು. ಎಡಗೈಯಿಂದ ತನ್ನ ಸೀರೆಯ ಕೆಂಪು ಪದರವನ್ನು ಪಕ್ಕದಲ್ಲಿ ಕುಳಿತ ಹುಡುಗಿಯ ತಲೆಯ ಮೇಲೆ ಎಳೆದು ಹಿಡಿದಿದ್ದಳು, ಬಿಸಿಲಲ್ಲಿ ಕೂಸನ್ನು ಹೊದಿಸುವ ಹಾಗೆ.

ಅವರಿಬ್ಬರೇ ಅಲ್ಲ. ಬೀಗ ಹಾಕಿದ ಟಿಕೇಟು ಕಿಟಕಿಯ ಕೆಳಗೆ ಒಬ್ಬ ಮುದುಕ, ಕಂಬಕ್ಕೆ ಒರಗಿ ಮೊಮ್ಮಗುವಿನಂಥದೊಂದನ್ನು ತೊಡೆಯ ಮೇಲೆ ತೂಗುತ್ತ ಒಬ್ಬ ಹೆಂಗಸು, ಇನ್ನೂ ಯಾರ್ಯಾರೋ. ದಿನವಿಡೀ ಪರದೆಯಲ್ಲಿ ಈ ಜಾಗ ನೋಡುತ್ತ ಬಂದವಳಿಗೆ ಇವರಲ್ಲಿ ಒಬ್ಬರ ಮುಖವೂ ಗೊತ್ತಿರಲಿಲ್ಲ.

"ಅವ್ವಾ!"

ಸಂಗವ್ವ ತಲೆ ಎತ್ತಿದಳು. ದೂರದ ನೆಂಟರನ್ನು ಮಾತಾಡಿಸುವ ಹಾಗೆ ನಕ್ಕಳು. "ನೀವು ಯಾರ ಪೈಕಿರಿ? ಈಕಿ ನನ್ನ ಮಗಳ್ರಿ, ಪ್ರಭಾ. ಮೈ ಬೆಚ್ಚಗಾಗ್ಯಾವ ಆಕೀವು. ಗಾಡಿ ಇನ್ನೂ ಬರವಲ್ದು."

ಪ್ರಭಾ ನೆಲಕ್ಕೆ ಕುಸಿದು ಅವ್ವನ ಮೊಣಕಾಲಿಗೆ ಹಣೆ ಹಚ್ಚಿದಳು. ಹುಡುಗಿ ಅಲುಗಾಡದೆ, ತುಟಿ ಮಾತ್ರ ಬಿಚ್ಚಿ ಹೇಳಿದಳು:

"ಬ್ರೆಡ್ಡು, ಹಾಲು ಕೊಟ್ಟೀನ್ರಿ. ಸಕ್ಕರಿ ಚಾ ಮೊದಲ್ನೇ ದಿನ ಕೊಟ್ಟೆ, ಆಮ್ಯಾಲ ತಲಿ ತಿರುಗಿ ಬಿದ್ರು. ಸಕ್ಕರಿ ಬಿಡಸಿ ಕೊಡಾಕತ್ತೆ. ನಿಮ್ಮ ಮನಿ ಎಲ್ಲಂತ ಕೇಳಿದ್ರ ರಾಟಿ ಅಂತಾರ."

ದುಪಟ್ಟಾ ಜಾರಿತ್ತು. ಆ ಮುಖವನ್ನು ಪ್ರಭಾ ತನ್ನ ಕೈಯಾರೆ ಎಷ್ಟು ಸಲ ಯಂತ್ರಕ್ಕೆ ಕೊಟ್ಟಿದ್ದಳು!

"ನೀ ಭಾರತಿ ಅಲ್ಲೇನವಾ? ನಿಮ್ಮಣ್ಣ ಹುಡುಕಾಕತ್ತಾನ. ನಮ್ಮ ಆಫೀಸಿನಾಗ ಕುಂತಾನ ಪಾಪ, ಅಳಕೋತ."

ಹುಡುಗಿಯ ಮುಖದಿಂದ ಬಣ್ಣ ಇಳಿಯಿತು. "ಅಳ್ತಾನ್ರಿ. ನಮ್ಮಕ್ಕ ಓಡಿ ಹೋದಾಗೂ ಹಿಂಗ ಅತ್ತಿದ್ದ. ಅಕ್ಕ ಠಾಣೆಕ್ಕ ಹೋಗಿದ್ಲು, ಅವರು ಮನೀಗೆ ಫೋನ್ ಹಚ್ಚಿದ್ರು. ಅಣ್ಣ ಹೋಗಿ ತಬ್ಬಿಕೊಂಡು ಅತ್ತು ಕರಕೊಂಡು ಬಂದ. ಬಾವ್ಯಾಗ ಬಿದ್ಲು ಅಂತ ಊರಿಗೆ ಹೇಳ್ಯಾರ. ನಾ ಅವತ್ತು ಕ್ವಾಣ್ಯಾಗ ಇದ್ದೆ. ಎಲ್ಲಾ ಕೇಳಸ್ತಿತ್ತು."

ಪ್ರಭಾಳಿಗೆ ಅವನು ಕೊಟ್ಟ ಚಹದ ಬಿಸಿ ಅಂಗೈಯಲ್ಲಿ ನೆನಪಾಯಿತು.

ನಿಲ್ದಾಣದ ಬಾಗಿಲಲ್ಲಿ ದೊಡ್ಡದೊಂದು ಪರದೆ ತೂಗುಹಾಕಿದ್ದರು, ಜನ ತಮ್ಮನ್ನು ತಾವೇ ನೋಡಿ ಹೆದರಿಕೊಂಡಿರಲಿ ಎಂದು. ಭಾರತಿ ಮೊದಲ ದಿನ ಹೆದರಿ ಮರಗಟ್ಟಿ ಕುಳಿತಾಗ ಆ ಪರದೆಯಲ್ಲಿ ತಾನು ಮಾಯವಾಗುವುದನ್ನು ಕಂಡಿದ್ದಳು. ಅಂದಿನಿಂದ ಆ ಬೆಂಚೇ ಅವಳ ಮನೆ.

"ಕುಂತ್ರ ಕಾಣಂಗಿಲ್ರಿ, ಎದ್ರ ಕಾಣ್ತೀನಿ. ಗಾಡಿ ಹತ್ತಬೇಕಂದ್ರ ಬಾಗಲದಾಗ ಮಷಿನ್ನಿಗೆ ಮುಖ ತೋರಸ್ಬೇಕು. ತೋರಸಿದ್ರ ನಿಮ್ಮ ಆಫೀಸಿನಾಗ ಗಂಟಿ ಬಾರಸ್ತೈತಿ. ಎಲ್ಲಿಗೆ ಹೋಗ್ಲಿ?"

"ನಮ್ಮ ಮನೀಗೆ ಬಾ."

"ನಿಮ್ಮ ಜೋಡಿ ನಡದ್ರ ಇಬ್ರೂ ಕಾಣ್ತೀವಿ. ಅಣ್ಣ ಅಲ್ಲೇ ಕುಂತಾನಂದ್ರಿ."

ಅವಳ ಕಣ್ಣು ತುಂಬಿ ಬಂದವು. ಪ್ರಭಾ ಗಾಬರಿಯಿಂದ ಅವಳ ಮೊಣಕೈ ಒತ್ತಿದಳು. "ಅಳಬ್ಯಾಡ. ಅತ್ರ ಹೆಗಲು ಅಲಗ್ತಾವ."

ಹುಡುಗಿ ಅಳುವನ್ನು ನುಂಗಿದಳು. ನುಂಗುವುದು ಕತ್ತಿನಲ್ಲಿ ಕಾಣಿಸಿತು, ಅಷ್ಟೇ.

ಪ್ರಭಾ ಬಗ್ಗಿ, ಅವ್ವನ ಸೆರಗು ಸರಿಪಡಿಸುವ ನೆಪದಲ್ಲಿ ಭಾರತಿಯ ಕಿವಿಯಲ್ಲಿ ಹೇಳಿದಳು. ನಸುಕಿನಲ್ಲಿ ಯಂತ್ರ ಮೂರನೆಯ ಪದರವನ್ನು ಹೊಸದಾಗಿ ಬರೆಯುವಾಗ ಊರಿನ ಎಲ್ಲ ಕ್ಯಾಮೆರಾಗಳೂ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತವೆ. ಅವ್ವ ಬಂದು ಇಲ್ಲಿ ಕುಳಿತದ್ದೂ ಆ ಹೊತ್ತಿನಲ್ಲೇ ಇರಬೇಕು. ಗಾಡಿಗಳ ಬಾಗಿಲಿನ ಮಷಿನ್ನೂ ಆಗ ಕೆಲಸ ಮಾಡುವುದಿಲ್ಲ; ಕಂಡಕ್ಟರ್ ಹಳೆಯ ಕಾಗದದ ಟಿಕೇಟು ಹರಿದು ಕೊಡುತ್ತಾನೆ. "ಬಾಗಿಲಿನ ಈ ಪರದಿ ಪೂರಾ ಕಪ್ಪಾಗ್ತೈತಿ. ಆವಾಗ ಏಳು. ಯಾವ ಗಾಡಿ ನಿಂತಿರ್ತೈತೋ ಅದನ್ನ ಹತ್ತು. ಎಲ್ಲಿಗೆ ಅಂತ ನನಗ ಹೇಳಬ್ಯಾಡ."

ಪರ್ಸಿನಲ್ಲಿದ್ದುದನ್ನೆಲ್ಲ ಅವಳ ಮಡಿಲಿಗೆ ಸುರಿದು, ಅವ್ವನನ್ನು ಎಬ್ಬಿಸಿದಳು. ಅವ್ವ ಏಳಲು ಒಪ್ಪಲಿಲ್ಲ. "ನನ್ನ ಮಗಳು ಒಬ್ಬಾಕೀನ ಬಿಟ್ಟು ಹೆಂಗ್ ಬರ್ಲಿ?" ಎಂದು ಭಾರತಿಯ ತಲೆಯ ಮೇಲಿನ ಪದರವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಕಡೆಗೆ ಭಾರತಿಯೇ, ಮುಖ ಅಲುಗಿಸದೆ, "ನೀ ನಡಿ ಅವ್ವಾ. ನಾ ಹಿಂದ ಬರ್ತೀನಿ" ಎಂದಳು. ಅವ್ವ ನಂಬಿದಳು. ಪ್ರಭಾ ಅವ್ವನ ಮುಖದ ಮೇಲೆ ಸೆರಗು ಎಳೆದು, ಕ್ಯಾಮೆರಾ ಇಲ್ಲದ ಶೌಚಾಲಯದ ಹಿಂದಿನಿಂದ ಕರೆದೊಯ್ದಳು. ತಿರುಗಿ ನೋಡಲಿಲ್ಲ. ನೋಡಿದರೆ ಆ ನೋಟವೂ ಪರದೆಯಲ್ಲಿ ಕಾಣುತ್ತದೆ.

ಮನೆಯಲ್ಲಿ ಶಿವಯೋಗಿ ಅತ್ತೆಯ ಪಾದಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತ ಚಿಕ್ಕ ಹುಡುಗನ ಹಾಗೆ ಅತ್ತ. "ಎಲ್ಲಿ ಸಿಕ್ಳು? ಹೆಂಗ್ ಸಿಕ್ಳು?" ಎಂದು ಕೇಳಿದ.

"ಹಳೇ ಸ್ಟ್ಯಾಂಡಿನ ಶೌಚಾಲಯದ ಹಿಂದ ಮಲಗಿದ್ಲು," ಎಂದಳು ಪ್ರಭಾ. "ಅಲ್ಲಿ ಕ್ಯಾಮೆರಾ ಇಲ್ಲ."

ಮದುವೆಯಾದಂದಿನಿಂದ ಅವನಿಗೆ ಹೇಳಿದ ಮೊದಲ ಸುಳ್ಳು ಅದು. ನಾಲಿಗೆ ತಡವರಿಸಲಿಲ್ಲ ಎಂಬುದೇ ಅವಳಿಗೆ ಭಯವಾಯಿತು.

ಮರುದಿನ ಅವಳು ಕೇಂದ್ರಕ್ಕೆ ಪೇಢೆ ಒಯ್ದಳು. ಒಯ್ಯದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಜಂಬಗಿ ಸರ್ ಎರಡು ಬಾಯಿಗೆ ಹಾಕಿಕೊಂಡು, "ಈಗ ಹೇಳು. ಯಂತ್ರ ಎಲ್ಲಿ ತಪ್ಪಿತು ಅಂತ ಕಂಪನಿಯವರು ಕೇಳಾಕತ್ತಾರ. ಒಂದು ಸಲ ತಪ್ಪು ತೋರಿಸಿದ್ರ ಸಾಕು, ರಾತ್ರೋರಾತ್ರಿ ಕಲೀತೈತಿ ಅದು" ಎಂದರು.

"ತಪ್ಪಿಲ್ರಿ ಸರ್. ಕ್ಯಾಮೆರಾ ಇಲ್ಲದಲ್ಲಿ ಮಲಗಿದ್ಲು."

"ಅಂದ್ರ ಯಂತ್ರದ್ದು ತಪ್ಪಿಲ್ಲ ಅಂತ ಬರೀತೀನಿ."

"ಬರೀರಿ."

ಸೋಮು ತಾನಾಗಿಯೇ ಕೈ ಚಾಚಿ ಪೇಢೆ ತೆಗೆದುಕೊಂಡ. "ನಿಮ್ಮ ನಸೀಬ ಚಲೋ ಅಕ್ಕಾರ. ನಮ್ಮದು ಯಾವಾಗ ತೆರೀತೈತೋ." ತಿನ್ನುತ್ತ, ಅವಳ ಕುರ್ಚಿಯ ಹಿಂದೆ ಬಂದು ನಿಂತ. ಹಲವು ದಿನ ಅಲ್ಲೇ ಕುಳಿತು ಅವನಿಗೂ ಪರದೆ ನೋಡುವುದು ರೂಢಿಯಾಗಿತ್ತು. ಹಳೆಯ ನಿಲ್ದಾಣದಲ್ಲಿ ನವಲಗುಂದದ ಗಾಡಿ ಬಂದಿತ್ತು. ಮಂದಿ ನುಗ್ಗಿದರು, ಮೂಲೆಯ ಬೆಂಚಿನ ಹತ್ತಿರ ಸೀಳಿ, ಸುತ್ತಿ, ಕೂಡಿದರು. ಭಾರತಿ ಇನ್ನೂ ಹೋಗಿರಲಿಲ್ಲ; ಜ್ವರದಲ್ಲಿ ನಸುಕಿಗೆ ಎದ್ದಿರಲಿಕ್ಕಿಲ್ಲ.

"ಅಲ್ಲೇನೈತ್ರಿ ಅಕ್ಕಾರ?" ಅವನ ಬೆರಳು ಪರದೆಯ ಹತ್ತಿರ ಬಂತು. ಬೆರಳ ತುದಿಯಲ್ಲಿ ಪೇಢೆಯ ಪುಡಿ ಇತ್ತು. "ಏನೂ ಇಲ್ಲ, ಮತ್ತ ಮಂದಿ ಸುತ್ತಿ ಹೊಂಟಾರಲ್ಲ?"

ಪ್ರಭಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಉಸಿರು ಕೂಡ ಮೂರನೆಯ ಪದರಕ್ಕೆ ಹೋಗಿಬಿಡಲಿ ಎಂಬಂತೆ ಕುಳಿತಳು.

"ನೆಲಾ ಒಡದೈತಪಾ ಅಲ್ಲಿ," ಎಂದಳು. "ಗಟಾರ ನೀರು ನಿಂತಿರ್ತೈತಿ."

"ಪರದೆಯಾಗ ಕಾಣವಲ್ದು?"

"ಯಂತ್ರ ಹೊಲಸು ತೋರಸಂಗಿಲ್ಲ."

ಅವನು ನಕ್ಕ. "ಭಾಳ ಶಾಣ್ಯಾ ಯಂತ್ರ ಬಿಡ್ರಿ." ಹೋಗಿ ಬೆಂಚಿನ ಮೇಲೆ ಕುಳಿತ.

ಆ ರಾತ್ರಿ ಪ್ರಭಾ ನಿದ್ದೆ ಮಾಡಲಿಲ್ಲ. ನಸುಕಿನ ಪಾಳಿ ಬೇಕೆಂದು ಕೇಳಿ ಪಡೆದು, ಕತ್ತಲಿರುವಾಗಲೇ ಪರದೆಯ ಮುಂದೆ ಇದ್ದಳು. ಹೊತ್ತಾದಾಗ ಎಲ್ಲ ಪರದೆಗಳೂ ಒಟ್ಟಿಗೆ ಕಪ್ಪಾದವು. ಯಂತ್ರ ಬರೆಯಲು ಶುರುಮಾಡಿತು. ಅವಳು ಆ ಕಪ್ಪನ್ನು ನೋಡುತ್ತಲೇ ಇದ್ದಳು. ಅದರಲ್ಲಿ ಅವಳದೇ ಮುಖ ಕಾಣುತ್ತಿತ್ತು.

ಪರದೆಗಳು ಮತ್ತೆ ಬೆಳಗಿದಾಗ ಬೆಂಚು ಖಾಲಿ ಇತ್ತು. ನಿನ್ನೆಯೂ ಖಾಲಿಯೇ ಇತ್ತು. ಏನಾಯಿತೆಂದು ತಿಳಿಯಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಬೆಳಗಾಗಿ, ಮಧ್ಯಾಹ್ನವಾಗಿ, ನವಲಗುಂದದ ಗಾಡಿ ಬರುವವರೆಗೆ ಕಾದಳು. ಪಾಳಿ ಮುಗಿದಿದ್ದರೂ ಏಳಲಿಲ್ಲ. ಗಾಡಿ ಬಂತು. ಮಂದಿ ನುಗ್ಗಿದರು. ಮೂಲೆಯ ಬೆಂಚಿನ ಮೇಲೆ ಒಬ್ಬ ಚೀಲ ಎಸೆದ, ಇನ್ನೊಬ್ಬ ಅದನ್ನೇ ಮೆಟ್ಟಿ ದಾಟಿದ. ಯಾರೂ ಸುತ್ತಲಿಲ್ಲ. ನೇರವಾಗಿ ನಡೆದು ಹೋದರು.

ಹಿಂದಿನಿಂದ ಸೋಮುವಿನ ದನಿ: "ನೆಲಾ ರಿಪೇರಿ ಮಾಡಿದ್ರೇನ್ರಿ ಅಕ್ಕಾರ?"

"ಹೂಂ," ಎಂದಳು. "ಮಾಡ್ಯಾರ."

ಭಾರತಿ ಗಾಡಿ ಹತ್ತಿದಳೋ, ಅಥವಾ ಬೇರೆ ಯಾರಾದರೂ ಎಬ್ಬಿಸಿ ಒಯ್ದರೋ, ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸೋಮು ಇನ್ನೂ ಇಲ್ಲಿಯೇ ಕುಳಿತಿದ್ದಾನೆ ಎಂಬುದೊಂದೇ ಪ್ರಭಾಳಿಗಿದ್ದ ಸಮಾಧಾನ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಮುದುಕನೊಬ್ಬನ ಫೋಟೋ. "ನಮ್ಮ ಮಾವನೋರ್ರಿ. ಬುದ್ಧಿ ಸ್ತಿಮಿತಿಲ್ಲ. ಎಲ್ಲಿ ಕುಂತ್ರ ಕುಂತಲ್ಲೇ. ಹೆಂಗರ ಮಾಡಿ ಹುಡುಕಿ ಕೊಡ್ರಿ, ಕೈ ಮುಗೀತೀನಿ."

ಎಲ್ಲಿ ಕುಂತರೆ ಕುಂತಲ್ಲೇ. ಪ್ರಭಾಳಿಗೆ ಹೇಳಿಬಿಡಬೇಕು ಎನಿಸಿತು. ಪರದೆ ನೋಡಬ್ಯಾಡ್ರಿ, ಹೋಗ್ರಿ, ಕಾಲಿಲೆ ಹೋಗಿ ಕುಂತವರ ಮುಖಾ ನೋಡ್ರಿ. ಇಷ್ಟೇ ಮಾತು. ಹೇಳಿದರೆ ಈ ಹೆಂಗಸಿಗೆ ಮಾವ ಸಿಗಬಹುದು. ಹೇಳಿದರೆ ಬೆಂಚಿನ ಮೇಲೆ ಕುಳಿತ ಸೋಮುವಿಗೂ ಕೇಳಿಸುತ್ತದೆ. ಜಂಬಗಿ ಸರ್ ಬರೆದುಕೊಳ್ಳುತ್ತಾರೆ. ಯಂತ್ರ ರಾತ್ರೋರಾತ್ರಿ ಕಲಿಯುತ್ತದೆ. ಅವಳ ಕಣ್ಣು ಪರದೆಯಿಂದ ಪರದೆಗೆ ಹೋಯಿತು. ಈಗ ಎಲ್ಲ ಕಡೆಯೂ ಕಾಣತೊಡಗಿತ್ತು: ಸಂತೆಯ ಮೆಟ್ಟಿಲಲ್ಲಿ ಮಂದಿ ಸುತ್ತಿ ಹೋಗುವ ಒಂದು ಜಾಗ, ಕೆರೆಯ ಕಟ್ಟೆಯ ಮೇಲೆ ಒಂದು, ಆಸ್ಪತ್ರೆಯ ಗೇಟಿನಲ್ಲಿ ಮೂರು. ಆ ಖಾಲಿಗಳಲ್ಲಿ ಯಾವುದು ಯಾರದೋ ಕಳೆದುಹೋದ ಅಪ್ಪ, ಯಾವುದು ಯಾರಿಂದಲೋ ಅಡಗಿದ ತಂಗಿ, ಇಲ್ಲಿ ಕುಳಿತು ಹೇಗೆ ಹೇಳುವುದು?

"ಫೋಟೋ ಬಿಟ್ಟು ಹೋಗ್ರಿ," ಎಂದಳು. "ನೋಡ್ತೀವಿ."

ಯಂತ್ರ ಇಲ್ಲ ಎಂದಿತು. ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲು ಇಳಿದಳು. ಸೋಮು ಎದ್ದು, ಅವಳಿಗೊಂದು ಚಹ ತರಲು ಹೋದ.

ಸಂಜೆ ಪ್ರಭಾ ಆ ಮುದುಕನ ಫೋಟೋವನ್ನು ಕೈಚೀಲದಲ್ಲಿ ಹಾಕಿಕೊಂಡು ಬೀದಿಗೆ ಇಳಿದಳು. ಹಳೆಯ ನಿಲ್ದಾಣದಿಂದ ಶುರುಮಾಡಬೇಕು, ಬೀಗ ಹಾಕಿದ ಟಿಕೇಟು ಕಿಟಕಿಯಿಂದ. ಇಂದು ಅದು, ನಾಳೆ ಸಂತೆ, ನಾಡಿದ್ದು ಕೆರೆ. ಇಡೀ ಊರಿಗೆ ಎರಡೇ ಕಣ್ಣು; ಅಷ್ಟರಲ್ಲಿ ಆ ಮುದುಕನ ಉಸಿರು ಇರುತ್ತದೋ ಇಲ್ಲವೋ. ಶಿವಯೋಗಿ ಫೋನು ಮಾಡಿ, ಫ್ಯಾನು ರಿಪೇರಿ ಆಯಿತು, ಈಗ ಸಪ್ಪಳವೇ ಇಲ್ಲ, ಅವ್ವ ಮಾತ್ರ ಪ್ರಭಾ ಎಲ್ಲಿ, ಪ್ರಭಾ ಹಿಂದ ಬರ್ತೀನಿ ಅಂದಿದ್ಲು ಎಂದು ಕೇಳುತ್ತಿದ್ದಾಳೆ, ಯಾಕೆ ತಡ ಎಂದ.

"ಕೆಲಸ ಐತ್ರಿ," ಎಂದಳು.

ಯಾವ ಕೆಲಸ ಎಂದು ಅವನು ಕೇಳಿದ. ಅವಳು ಒಂದು ಕ್ಷಣ ಕಂಬದ ಮೇಲಿನ ಕ್ಯಾಮೆರಾದ ಕೆಳಗೆ ನಿಂತಳು. ಇವನಿಗೂ ಹೇಳುವುದು ಬೇಡ. ಯಾರಿಗೂ ಬೇಡ. ಫೋನನ್ನು ಚೀಲಕ್ಕೆ ಹಾಕಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದಳು.